ಒಂದು ಸಾಲಿನಷ್ಟು ಜಾಗ

ಹದಿನೇಳನೆಯ ಸೈನಿಕನ ಮೊಣಕೈಯನ್ನು ಅವಳು ಸ್ಯಾಂಡ್ ಪೇಪರಿನಿಂದ ಉಜ್ಜುತ್ತಿದ್ದಳು. ಸೈನಿಕ ಇರಲಿಲ್ಲ, ಅವನ ಅಂಗಿ ಮಾತ್ರ ಇತ್ತು. ನಿನ್ನೆಯಷ್ಟೆ ಹೊಲಿದು ಮುಗಿಸಿದ, ಇನ್ನೂ ಗಂಜಿಯ ವಾಸನೆ ಬಿಡದ ಅಂಗಿ. ಮಧ್ಯಾಹ್ನದೊಳಗೆ ಅದು ಎರಡು ವರ್ಷದ ಯುದ್ಧ ಮುಗಿಸಿ ಬಂದಿರಬೇಕಿತ್ತು. ಮೊದಲು ಮೊಣಕೈ, ಆಮೇಲೆ ಕಾಲರಿನ ಅಂಚು, ಜೇಬಿನ ಬಾಯಿ. ಉಜ್ಜಿ ಉಜ್ಜಿ ದಾರ ಸಡಿಲವಾದ ಮೇಲೆ ಚಹಾಪುಡಿ ಕುದಿಸಿದ ನೀರಿನಲ್ಲಿ ಅದ್ದುವುದು, ಒಣಗಿಸುವುದು, ಕಂಕುಳ ಹತ್ತಿರ ಉಪ್ಪುನೀರು ಸವರುವುದು. ಉಪ್ಪು ಒಣಗಿದರೆ ಬೆವರಿನ ಬಿಳಿ ಗೆರೆ ಮೂಡುತ್ತದೆ, ಯಾರೂ ಬೆವರಬೇಕಾಗಿಲ್ಲ. ಮೂವತ್ತು ವರ್ಷ ಹರಿದದ್ದನ್ನು ಹೊಸದರಂತೆ ಮಾಡಿಕೊಟ್ಟ ಕೈ ಈಗ ಹೊಸದನ್ನು ಹರಿದದ್ದರಂತೆ ಮಾಡುತ್ತಿತ್ತು, ಮತ್ತು ಎರಡನೆಯ ಕೆಲಸವೇ ಹೆಚ್ಚು ಸಲೀಸಾಗಿ ಬರುತ್ತದೆ ಎಂಬುದು ಅವಳನ್ನು ಬೆಳಗಿನಿಂದ ಕೊರೆಯುತ್ತಿತ್ತು. ಇಲ್ಲದ ಹಳೆಯದನ್ನು ಇದ್ದ ಹಾಗೆ ತೋರಿಸುವುದು ಇಷ್ಟು ಚೆನ್ನಾಗಿ ತನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಯಾರೂ ಕೇಳುವವರಿರಲಿಲ್ಲ. ಸಿನಿಮಾದ ಉಡುಪಿನ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಹೊಲಿಗೆಯಕ್ಕ ಎನ್ನುತ್ತಿದ್ದರು; ಅಕ್ಕ ಸಮುದ್ರತೀರದವಳು, ಕೈ ಚುರುಕು, ಮಾತು ಕಡಿಮೆ, ಇಷ್ಟೇ ಅವರಿಗೆ ಗೊತ್ತಿದ್ದದ್ದು. ಅದರಲ್ಲಿ ಕೈ ಚುರುಕು ಎಂಬುದು ಮಾತ್ರ ನಿಜ.

ಸಿನಿಮಾದ ಕತೆ ದೊಡ್ಡದೇನಲ್ಲ. ಒಬ್ಬ ಕ್ಯಾಪ್ಟನ್, ಒಬ್ಬಳು ನರ್ಸು, ನಡುವೆ ಒಂದು ಯುದ್ಧ. ನರ್ಸು ಆರು ತಿಂಗಳು ಕ್ಯಾಪ್ಟನ್ನನ ಕಾಗದಕ್ಕೆ ಕಾಯುತ್ತಾಳೆ. ಕಾಗದದ ಬದಲು ಅವನೇ, ತೊಡೆಯಲ್ಲಿ ಗುಂಡು ಇಟ್ಟುಕೊಂಡು, ಹಿಮದ ಕಣಿವೆ ದಾಟಿ ಅವಳ ಆಸ್ಪತ್ರೆಯ ಮಂಚದವರೆಗೆ ಬರುತ್ತಾನೆ. ತೊಡೆಯಲ್ಲಿ ಗುಂಡಿದ್ದವನು ಹೇಗೆ ಬಂದ ಎಂದರೆ, ಪ್ರೀತಿಯ ಬಲದಿಂದ ಎಂದು ಚಿತ್ರಕತೆಯಲ್ಲಿ ಬರೆದಿತ್ತು. ಯಾವುದೋ ಪತ್ರಿಕೆಯವನಿಗೆ ಅದು ಸರಿಬರಲಿಲ್ಲ. ಐವತ್ತೆರಡು ವರ್ಷದ ಹಿಂದಿನ ಆ ಯುದ್ಧದಲ್ಲಿ ಗುಂಡಿನ ಪೆಟ್ಟಿಗೆ ಮೇಲಕ್ಕೆ ಹೊತ್ತವರು, ಗಾಯವಾದವರನ್ನು ಬೆನ್ನಮೇಲೆ ಕೆಳಗಿಳಿಸಿದವರು ಗುಡ್ಡದ ಜನ. ನಿಮ್ಮ ಸಿನಿಮಾದಲ್ಲಿ ಅವರ ಒಂದು ಮೂಗಾದರೂ ಇದೆಯೇ ಎಂದು ಅವನು ಬರೆದ. ಗದ್ದಲವಾಯಿತು. ಆಗ ನಿರ್ಮಾಪಕರು ಕರೆಸಿದ್ದು ಪ್ರಾತಿನಿಧ್ಯದ ಸಲಹೆಗಾರ ಎಂಬ ಒಬ್ಬರನ್ನು. ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡ, ಕೈಯಲ್ಲಿ ದಪ್ಪ ಪುಸ್ತಕ ಹಿಡಿದ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಬಾಯಿ ತೆರೆದರೆ ನೂರಕ್ಕೆ ಇಷ್ಟು, ನೂರಕ್ಕೆ ಅಷ್ಟು ಎನ್ನುತ್ತಿದ್ದುದರಿಂದ ಮೊದಲ ದಿನವೇ ಶೆಡ್ಡಿನವರು ಶೇಕಡಾ ಮೇಷ್ಟ್ರು ಎಂದು ಹೆಸರಿಟ್ಟರು. ರೈಲು ನಿಲ್ದಾಣದ ದೃಶ್ಯದಲ್ಲಿ ನೂರೈವತ್ತು ಜನ ನಿಲ್ಲುವುದಾದರೆ ನೂರಕ್ಕೆ ಎಂಟರಂತೆ ಹನ್ನೆರಡು ಗುಡ್ಡದವರು ಇರತಕ್ಕದ್ದು ಎಂದು ಲೆಕ್ಕ ಹಾಕಿ ಕೊಟ್ಟವರು ಅವರೇ.

ಆ ಹನ್ನೆರಡರಲ್ಲಿ ಒಬ್ಬನೂ ಗುಡ್ಡದವನಲ್ಲ. ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬ ವಿಮೆಯವನು, ಇಬ್ಬರು ಬಸ್ಸು ತೊಳೆಯುವವರು, ಒಬ್ಬ ನಿವೃತ್ತ ಡ್ರಿಲ್ ಮಾಸ್ತರ, ಹೀಗೆ. ನಿಜವಾದ ಗುಡ್ಡದವರು ಮೂವರು ಕಳೆದ ವಾರ ಬಂದಿದ್ದರು. ಶೇಕಡಾ ಮೇಷ್ಟ್ರು ಬಹಳ ಗೌರವದಿಂದ ಅವರನ್ನು ಗೋಡೆಗೆ ನಿಲ್ಲಿಸಿ ಅಳೆದರು. ಪುಸ್ತಕದಲ್ಲಿ ಕೊಟ್ಟ ಸರಾಸರಿ ಎತ್ತರಕ್ಕಿಂತ ಮೂವರೂ ನಾಲ್ಕು ನಾಲ್ಕು ಬೆರಳು ಹೆಚ್ಚಾದರು. ಇವರನ್ನು ನಿಲ್ಲಿಸಿದರೆ ಗುಡ್ಡದ ಜನರ ಬಗ್ಗೆ ತಪ್ಪು ತಿಳಿವಳಿಕೆ ಹರಡುತ್ತದೆ ಎಂದು ಕೈಮುಗಿದು ಕಳಿಸಿಕೊಟ್ಟರು. ಹೋಗುವಾಗ ಮೂವರಲ್ಲಿ ಹಿರಿಯ, ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಅವಳ ಎದುರು ನಿಂತು ಗುಡ್ಡದ ಮಾತಿನಲ್ಲಿ ಏನೋ ಕೇಳಿದ. ಏನೋ ಏನು, ನೀರು ಎಲ್ಲಿ ಸಿಗುತ್ತದೆ ತಾಯೀ ಎಂದು ಕೇಳಿದ. ಸೂಜಿ ಹಿಡಿದ ಅವಳ ಕೈ ನಿಂತಿತು. ಅವಳ ಬಾಯಿ ಪಟ್ಟಣದ ಮಾತಿನಲ್ಲಿ, ಏನು ಬೇಕಿತ್ತು, ನಂಗೆ ಗೊತ್ತಾಗ್ಲಿಲ್ಲ, ಎಂದಿತು. ಮುದುಕ ನಾಚಿಕೊಂಡು ಹೆಬ್ಬೆರಳನ್ನು ಬಾಯಿಗೆ ತೋರಿಸಿದ. ಅವಳು ನಲ್ಲಿ ತೋರಿಸಿದಳು. ಅವನು ನೀರು ಕುಡಿದು ಹೋಗುವ ತನಕ ಅವಳು ತಲೆ ಎತ್ತಲಿಲ್ಲ. ಆಮೇಲೆ ನೋಡಿದರೆ ಅಂಗಿಯ ತೋಳನ್ನು ತನ್ನ ಸೀರೆಯ ಸೆರಗಿಗೇ ಸೇರಿಸಿ ಹೊಲಿದುಬಿಟ್ಟಿದ್ದಳು.

ಸಮುದ್ರ ಎಂಬ ಸುಳ್ಳು ಹುಟ್ಟಿದ್ದು ಅವಳ ಹದಿನೈದನೆಯ ವಯಸ್ಸಿನಲ್ಲಿ. ಗುಡ್ಡದಿಂದ ಒಂದು ಹೊಲಿಗೆ ಅಂಗಡಿಯ ಯಜಮಾನತಿಯ ಜೊತೆ ಪಟ್ಟಣಕ್ಕೆ ಇಳಿದು ಬಂದಾಗ, ಗುಡ್ಡದೋಳು ಅಂದ್ರೆ ಹೊರೆ ಹೊರೋಕೆ ಕರೀತಾರೆ, ಸಮುದ್ರದ ಕಡೆಯೋಳು ಅಂದುಬಿಡು ಎಂದು ಆ ಯಜಮಾನತಿಯೇ ಹೇಳಿಕೊಟ್ಟಿದ್ದಳು. ಅಂದುಬಿಟ್ಟಳು. ಒಮ್ಮೆ ಅಂದದ್ದು ನೆಲೆ ನಿಂತಿತು, ಮದುವೆಯಾಯಿತು, ಗಂಡನ ಮನೆಗೂ ಬಂತು. ಗಂಡ ಬಸ್ಸಿನ ಕಂಡಕ್ಟರ್. ಹೆಂಡತಿಯ ಊರು ಸಮುದ್ರದ ಕಡೆ ಎಂಬುದು ಅವನಿಗೆ ದೊಡ್ಡ ಹೆಮ್ಮೆ. ವಾರಕ್ಕೆ ಎರಡು ಸಲ ಮೀನು ತರುತ್ತಿದ್ದ, ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ತಗೋ, ನಿಮ್ಮ ಊರಿನೋರು ಬಂದಿದಾರೆ, ಎನ್ನುತ್ತಿದ್ದ. ಮೂವತ್ತನಾಲ್ಕು ವರ್ಷದಿಂದ ಅದೇ ಮಾತು, ಅದೇ ನಗು. ಅವಳು ಉಸಿರು ಬಿಗಿಹಿಡಿದು ಮೀನು ತೊಳೆಯುತ್ತಿದ್ದಳು, ತಿನ್ನುತ್ತಿದ್ದಳು, ಮುಳ್ಳು ಗಂಟಲಿಗೆ ಚುಚ್ಚಿದರೆ ಊರಿನ ನೆನಪಿಗೆ ಕಣ್ಣಲ್ಲಿ ನೀರು ಬಂತೆಂದು ಅವನು ತಿಳಿದುಕೊಳ್ಳುತ್ತಿದ್ದ. ಒಮ್ಮೆ ಆಸೆಪಟ್ಟು ಅವಳನ್ನು ಸಮುದ್ರಕ್ಕೂ ಕರೆದುಕೊಂಡು ಹೋದ. ಅಷ್ಟು ನೀರು ಒಂದೇ ಕಡೆ ಎದ್ದು ನಿಂತು ತನ್ನ ಕಡೆಗೇ ಬರುವುದನ್ನು ಕಂಡು ಅವಳು ಗಟ್ಟಿಯಾಗಿ ಅತ್ತಳು. ಅವನು ಅವಳ ಬೆನ್ನು ಸವರುತ್ತಾ, ತವರು ಅಂದ್ರೆ ಹಾಗೇ, ಎಂದ.

ಮಧ್ಯಾಹ್ನಕ್ಕೆ ಒಂದು ತಾಸು ಇರುವಾಗ ಹನ್ನೆರಡು ಜನ ಹೊರೆಯಾಳುಗಳು ಬಟ್ಟೆ ಹಾಕಿಕೊಳ್ಳಲು ಬಂದರು. ಬ್ಯಾಂಕಿನ ಗುಮಾಸ್ತ ತಲೆಬಟ್ಟೆಯನ್ನು ಹೇಗೆ ಕಟ್ಟಿದರೂ ಕಿವಿ ಮುಚ್ಚುತ್ತಿತ್ತು. ಅವಳು ಯೋಚನೆಯನ್ನೇ ಮಾಡದೆ ಎದ್ದು, ಬಟ್ಟೆಯನ್ನು ಎರಡು ಸುತ್ತು ತಂದು, ಎಡಗಿವಿಯ ಹಿಂದೆ ಗಂಟು ಹಾಕಿ, ಹೊರೆಯ ಪಟ್ಟಿ ಹಣೆಯ ಮೇಲೆ ಜಾರದೆ ಕೂರುವ ಹಾಗೆ ಒಂದು ಮಡಿಕೆ ಬಿಟ್ಟಳು. ಆ ಗಂಟು ಅವಳಿಗೆ ಹಿಂದಿನಿಂದ ಗೊತ್ತು. ಅಪ್ಪನ ಮುಖ ಅವಳಿಗೆ ನೆನಪಿಲ್ಲ. ಆರು ವರ್ಷದ ಅವಳು ಕೂತಿರುತ್ತಿದ್ದುದು ಅಪ್ಪನ ಹೊರೆಯ ಮೇಲೆ, ಅಲ್ಲಿಂದ ಕಾಣುತ್ತಿದ್ದುದು ಅವನ ಕತ್ತು, ಕತ್ತಿನ ಮೇಲೆ ಬೆವರು, ಎಡಗಿವಿಯ ಹಿಂದೆ ಗುಬ್ಬಚ್ಚಿಯ ಹಾಗೆ ಕೂತ ಆ ಗಂಟು. ಯುದ್ಧಕ್ಕೆ ಹೊರಡುವ ದಿನ ಅಪ್ಪ ಅವಳ ಪಾದಕ್ಕೆ ದಾರ ಹಿಡಿದು ಅಳತೆ ತೆಗೆದುಕೊಂಡ; ಚಪ್ಪಲಿ ತರುತ್ತೇನೆ ಎಂದು ಆ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡ. ಆಗಲೂ ಅವಳು ನೋಡುತ್ತಿದ್ದುದು ಬಗ್ಗಿದ ಅವನ ತಲೆಯನ್ನೇ. ದಾರ ಹೋಯಿತು, ಅಪ್ಪನೂ ಹೋದ, ಅವಳ ಪಾದ ಬೆಳೆಯುತ್ತಲೇ ಇತ್ತು.

ಶೇಕಡಾ ಮೇಷ್ಟ್ರು ಪುಸ್ತಕ ತೆರೆದು ಬಂದರು. ಗಂಟು ತಪ್ಪಾಗಿದೆಯಮ್ಮ, ಇಲ್ಲಿ ನೋಡಿ, ಬಲಗಡೆ ಇರಬೇಕು, ಎಂದರು. ಅವಳು ಚಿತ್ರ ನೋಡಿದಳು. ಹೊರೆ ಹೊತ್ತ ಒಬ್ಬ, ಬಲಗಿವಿಯ ಹಿಂದೆ ಗಂಟು. ಐವತ್ತೆರಡು ವರ್ಷ ತಾನು ಹೊತ್ತು ತಂದದ್ದು ಒಂದೇ ಒಂದು ಗಂಟು, ಅದೂ ತಪ್ಪೇ? ಆಮೇಲೆ ಕಸುಬಿನ ಕಣ್ಣು ತಾನಾಗಿ ಅಂಗಿಯ ಮೇಲೆ ಬಿತ್ತು. ಚಿತ್ರದವನ ಅಂಗಿಗೆ ಗುಂಡಿ ಎಡಗಡೆ, ಕಾಜ ಬಲಗಡೆ. ಯಾವ ದರ್ಜಿಯೂ ಗಂಡಸಿನ ಅಂಗಿಗೆ ಹಾಗೆ ಗುಂಡಿ ಇಡುವುದಿಲ್ಲ. ಚಿತ್ರವನ್ನೇ ತಿರುಗುಮುರುಗಾಗಿ ಅಚ್ಚು ಹಾಕಿದ್ದರು, ಕನ್ನಡಿಯಲ್ಲಿ ಕಂಡ ಹಾಗೆ. ಅವಳು ಬೆರಳಿಟ್ಟು ತೋರಿಸಿದಳು: ಗುಂಡಿ ನೋಡಿ ಸಾರ್, ಈ ಕಡೆ ಇವೆ, ಚಿತ್ರಾನೇ ಮಗುಚಿಕೊಂಡಿದೆ. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ನಿಜವಲ್ಲ ಎಂದು ಅವರು ಹೇಳಲಿಲ್ಲ. ಅವರ ಮುಖ ಅರಳಿತು. ಎಷ್ಟು ಸೂಕ್ಷ್ಮ ಅಮ್ಮ ನಿಮ್ಮ ಕಣ್ಣು, ನಾನು ಗಮನಿಸಿರಲೇ ಇಲ್ಲ ಎಂದು ಸಂತೋಷಪಟ್ಟು, ಹನ್ನೆರಡು ಅಂಗಿಗಳ ಗುಂಡಿಯನ್ನೂ ಪುಸ್ತಕದಲ್ಲಿರುವಂತೆ ಎಡಗಡೆಗೆ ಬದಲಾಯಿಸಬೇಕೆಂದು ಹೇಳಿ, ಅವಳ ಹೆಸರನ್ನು ಕೃತಜ್ಞತೆಯ ಪಟ್ಟಿಯಲ್ಲಿ ಸೇರಿಸುವುದಾಗಿಯೂ ಮಾತು ಕೊಟ್ಟು ಹೋದರು.

ಅಂಗಿಗೆ ಆರರಂತೆ ಎಪ್ಪತ್ತೆರಡು ಗುಂಡಿ. ಊಟ ಬಿಟ್ಟು ಅವಳು ಕೂತಳು. ಹಳೆಯ ಕಾಜದ ಬಾಯಿ ಹೊಲಿದು ಮುಚ್ಚುವುದು, ಅದರ ಮೇಲೆ ಗುಂಡಿ ಕೂರಿಸುವುದು, ಒಳಗೆ ಕಾಣದ ಹಾಗೆ ಪ್ರೆಸ್ ಬಟನ್ ಹಾಕುವುದು. ತೆರೆದಿರಬೇಕಾದ್ದನ್ನು ಮುಚ್ಚಿ, ಮುಚ್ಚಿದ್ದರ ಮೇಲೆ ತೆರೆಯಬಹುದಾದ್ದರ ಗುರುತು ಇಡುವ ಕೆಲಸ. ಅದು ಕೂಡ ಅವಳಿಗೆ ಸಲೀಸಾಗಿಯೇ ಬಂತು. ಹೊಲಿಗೆ ಯಂತ್ರ ನೋಡಿದಾಗಲೆಲ್ಲ ಮನೆಯ ಯಂತ್ರದ ಡ್ರಾಯರ್ ನೆನಪಾಗುತ್ತಿತ್ತು, ಡ್ರಾಯರಿನಲ್ಲಿ ದಾರದ ಉಂಡೆಗಳ ಡಬ್ಬಿ, ಡಬ್ಬಿಯ ಅಡಿ, ಗುಡ್ಡದಲ್ಲೇ ಉಳಿದ ಅವಳ ಅಕ್ಕನ ಕಾಗದ. ಒಂಬತ್ತು ವರ್ಷದ ಹಿಂದೆ ಅದು ಹಳೆಯ ಯಜಮಾನತಿಯ ಅಂಗಡಿಯ ವಿಳಾಸಕ್ಕೆ ಬಂದಿತ್ತು. ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತು ಆಗ ಎರಡು ವರ್ಷ. ಅವಳು ತಾನೇ ಓದಿದ ಮೊದಲ ಕಾಗದ ಅದು. ಗುಡ್ಡದಲ್ಲಿ ಯುದ್ಧಕ್ಕೆ ಹೋದ ಹೊರೆಯಾಳುಗಳ ಹೆಸರಿನ ಕಲ್ಲು ನಿಲ್ಲಿಸುತ್ತಿದ್ದಾರೆ, ಬದುಕಿರುವ ಮಕ್ಕಳೆಲ್ಲ ಸಹಿ ಹಾಕಿದರೆ ಮಾತ್ರ ಅಪ್ಪನ ಹೆಸರು ಕೆತ್ತುತ್ತಾರೆ, ನಾನು ಹೆಬ್ಬೆಟ್ಟು ಒತ್ತಿದ್ದೇನೆ, ನೀನು ಸಹಿ ಹಾಕಿ ಕಳಿಸು ಎಂದು ಅಕ್ಕ ಯಾರಿಂದಲೋ ಬರೆಸಿದ್ದಳು. ಜೊತೆಗೆ ಒಂದು ಫಾರಂ. ಫಾರಂನಲ್ಲಿ ಅವಳ ಸಹಿಯ ಕೆಳಗೆ ಒಬ್ಬ ಸಾಕ್ಷಿ ಬೇಕು: ಇವರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಲ್ಲೆ, ಇವರು ಮೇಲೆ ಹೇಳಿದವರ ಮಗಳೆಂಬುದು ನಿಜ. ಯಜಮಾನತಿ ತೀರಿಹೋದ ಮೇಲೆ ಹತ್ತು ವರ್ಷದಿಂದ ಅವಳನ್ನು ಬಲ್ಲವನು ಲೋಕದಲ್ಲಿ ಒಬ್ಬನೇ ಇದ್ದ, ಅವನು ವಾರಕ್ಕೆ ಎರಡು ಸಲ ಮೀನು ತರುತ್ತಿದ್ದ.

ಅವಳು ತನ್ನ ಸಹಿಯನ್ನು ಅವತ್ತೇ ಹಾಕಿದ್ದಳು. ಅತ್ತೆ ಇರುವ ತನಕ ಅತ್ತೆಯ ನೆಪವಿತ್ತು. ಅತ್ತೆ ಹೋದ ಮೇಲೆ ನೆಪವೇ ಅತ್ತೆಯ ಜಾಗದಲ್ಲಿ ಕಾಲು ಚಾಚಿ ಕೂತಿತು. ಎರಡು ವರ್ಷದ ಮೇಲೆ ಅಕ್ಕನಿಂದ ಒಂದು ಕಾರ್ಡು ಬಂತು. ಕಲ್ಲು ನಿಲ್ಲಿಸಿದ್ದಾರೆ, ಕಲ್ಲುಕುಟಿಗ ಅಪ್ಪನಿಗೆಂದು ನಡುವೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದಾನೆ, ಶಾಲೆಯ ಮಕ್ಕಳು ಅದರಲ್ಲಿ ಸೀಮೆಸುಣ್ಣದಿಂದ ಬೆಕ್ಕು ಬರೆಯುತ್ತವೆ, ನಾನು ಹೋದಾಗಲೆಲ್ಲ ಒರೆಸಿ ಬರುತ್ತೇನೆ. ಕಾರ್ಡಿನಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರು ಗಂಟೆಗೆ ಕೊನೆಯ ಗುಂಡಿ ಮುಗಿಸಿ ಅಂಗಿ ಕೊಡಲು ಹೋದಾಗ ಶೂಟಿಂಗಿನ ಅಂಗಳದಲ್ಲಿ ಒಂದು ಕಲ್ಲು ನಿಂತಿತ್ತು. ಆಳೆತ್ತರದ ಬೂದು ಕಲ್ಲು, ಮೇಲೆ ಹೆಸರುಗಳು. ಹತ್ತಿರ ಹೋದರೆ ಥರ್ಮೋಕೋಲು. ಗಾಳಿಗೆ ಹಾರದ ಹಾಗೆ ಹಿಂದಿನಿಂದ ಇಬ್ಬರು ಹಿಡಿದುಕೊಂಡಿದ್ದರು. ಸಿನಿಮಾದ ಕೊನೆಯಲ್ಲಿ ಮುದಿಯಾದ ಕ್ಯಾಪ್ಟನ್ನೂ ಮುದಿಯಾದ ನರ್ಸೂ ಹೊರೆಯಾಳುಗಳ ಕಲ್ಲಿನ ಮುಂದೆ ಹೂವಿಟ್ಟು ಕೈ ಕೈ ಹಿಡಿಯುತ್ತಾರಂತೆ. ಅಕ್ಷರ ಕೊರೆಯುವ ಪೇಂಟರು ಬಿಸಿ ತಂತಿಯಿಂದ ಹನ್ನೊಂದು ಹೆಸರು ಕೊರೆದು ಮುಗಿಸಿದ್ದ. ಶೇಕಡಾ ಮೇಷ್ಟ್ರ ಪುಸ್ತಕದಲ್ಲಿ ಗುಡ್ಡದವರ ಹೆಸರಿದ್ದದ್ದು ಹನ್ನೊಂದೇ. ಕೆಳಗೆ ಒಂದು ಸಾಲು ಬೋಳಾಗಿ ಉಳಿದು, ಕ್ಯಾಮೆರಾದವನು ಅಲ್ಲೊಂದು ಹೆಸರು ಬೇಕೇ ಬೇಕು, ಇಲ್ಲದಿದ್ದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ ಎಂದು ಕೂಗಾಡುತ್ತಿದ್ದ. ಯಾರಾದ್ರೂ ಒಂದು ಹೆಸರು ಹೇಳ್ರಪ್ಪಾ ಎಂದು ಪೇಂಟರು ಸುತ್ತ ನೋಡಿದ.

ಅವಳು ಹೇಳಿದಳು. ಹೇಳಬೇಕೆಂದು ಹೇಳಿದ್ದಲ್ಲ, ಹನ್ನೆರಡು ಅಂಗಿ ತೋಳಮೇಲೆ ಭಾರವಾಗಿದ್ದವು, ಹೊಟ್ಟೆ ಖಾಲಿ ಇತ್ತು, ಬಾಯಿ ತೆರೆದುಕೊಂಡಿತು, ಅಪ್ಪನ ಹೆಸರು ಬಂತು. ನಲವತ್ತಮೂರು ವರ್ಷದ ಮೇಲೆ ತನ್ನ ದನಿಯಲ್ಲಿ ಅದನ್ನು ಕೇಳಿ ಬೇರೆ ಯಾರೋ ಹಿಂದಿನಿಂದ ಕರೆದ ಹಾಗಾಗಿ ತಿರುಗಿಯೂ ನೋಡಿದಳು. ಪೇಂಟರು ತಂತಿ ಇಟ್ಟು ಎರಡು ಅಕ್ಷರ ಕೊರೆದೇಬಿಟ್ಟ. ಥರ್ಮೋಕೋಲಿನ ಬಿಳಿ ಕಾಳು ಅವಳ ಪಾದದ ಮೇಲೆ ಉದುರಿದವು. ಅಷ್ಟರಲ್ಲಿ ಶೇಕಡಾ ಮೇಷ್ಟ್ರು ಕೈ ಅಡ್ಡ ತಂದರು. ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, ತಲೆ ಆಡಿಸಿ, ಇದು ಅವರ ಹೆಸರಿನ ಥರ ಇಲ್ಲ, ಬಹಳ ಮೆತ್ತಗಿದೆ, ಕೆಳಗಿನ ಪೇಟೆಯ ಬಟ್ಟೆ ವ್ಯಾಪಾರಿಯ ಹೆಸರಿನ ಹಾಗಿದೆ ಎಂದರು. ನಮ್ಮ ಜವಾಬ್ದಾರಿ ದೊಡ್ಡದು, ಆ ಜನಕ್ಕೆ ಅನ್ಯಾಯ ಆಗಬಾರದು ಎಂದರು. ಆಮೇಲೆ ಮೃದುವಾಗಿ ಅವಳನ್ನೇ ಕೇಳಿದರು:

"ಯಾರಮ್ಮ ಅದು? ನಿಮಗೆ ಗೊತ್ತಿರೋರಾ?"

"ಯಾರೂ ಅಲ್ಲ ಸಾರ್," ಎಂದಳು ಅವಳು.

ಪೇಂಟರು ಪುಟ್ಟಿ ಕಲಸಿ ಎರಡು ಅಕ್ಷರವನ್ನೂ ಮೆತ್ತಿ ಸಪಾಟು ಮಾಡಿದ. ಅದರ ಮೇಲೆ ಮೇಷ್ಟ್ರೇ ಅಲ್ಲೇ ನಿಂತು ಕಟ್ಟಿದ, ಬಂಡೆ ಉರುಳಿದ ಹಾಗೆ ಸದ್ದು ಮಾಡುವ ಒಂದು ಹೆಸರು ಬಂತು. ಎಲ್ಲರೂ ಒಪ್ಪಿದರು. ಹನ್ನೆರಡು ಜನ ಎಡಗಡೆ ಗುಂಡಿಯ ಅಂಗಿ ತೊಟ್ಟು, ಬಲಗಡೆ ಗಂಟು ಹಾಕಿಕೊಂಡು ರೈಲು ನಿಲ್ದಾಣದ ಹಿಂದಿನ ಸಾಲಿನಲ್ಲಿ ನಿಂತರು. ಬಲಗಡೆಯ ಗಂಟಿಗೆ ಹೊರೆಯ ಪಟ್ಟಿ ನಿಲ್ಲದೆ ಗುಮಾಸ್ತನ ಹಣೆಯಿಂದ ಮೂರು ಸಲ ಕುತ್ತಿಗೆಗೆ ಜಾರಿತು, ಮೂರು ಸಲವೂ ನಾಯಕಿ ಕಣ್ಣೀರು ಒರೆಸಿಕೊಂಡು ಮೊದಲಿನಿಂದ ಅಳಬೇಕಾಯಿತು. ಇವಳು ದೂರದಲ್ಲಿ ಸೂಜಿಪೆಟ್ಟಿಗೆ ಹಿಡಿದು ನಿಂತಿದ್ದಳು. ಮೇಷ್ಟ್ರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವರು ಪುಸ್ತಕ ನೋಡಿ ಅಲ್ಲವೆಂದಿದ್ದರು. ಅವಳು ಯಾವ ಪುಸ್ತಕ ನೋಡಿ ಅಂದಳು? ಯಾರೂ ಅಲ್ಲ ಸಾರ್. ಆ ಸಾರ್ ಎಂಬುದನ್ನಾದರೂ ಬಿಡಬಹುದಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮೂರು ಮಾತು ಬಾಯಲ್ಲಿ ಮೀನಿನ ಮುಳ್ಳಿನ ಹಾಗೆ ಆಡುತ್ತಿದ್ದವು, ನುಂಗಿದರೂ ಇಳಿಯಲಿಲ್ಲ, ಉಗುಳಿದರೂ ಬರಲಿಲ್ಲ.

ಗಂಡ ಅಡುಗೆಮನೆಯ ಕಟ್ಟೆಯ ಹತ್ತಿರ ಬನಿಯನ್ನಿನಲ್ಲಿ ನಿಂತು ಮೀನಿನ ಹುರುಪೆ ಕೆರೆಯುತ್ತಿದ್ದ. ನಿವೃತ್ತನಾದ ಮೇಲೆ ಆ ಕೆಲಸ ಅವನೇ ವಹಿಸಿಕೊಂಡಿದ್ದ. ತಿರುಗಿ ನೋಡದೆ, ಬಂದ್ಯಾ, ನಿಮ್ಮ ಊರಿನೋರು ಬಂದಿದಾರೆ, ಎಂದ. ಅವಳು ಚಪ್ಪಲಿಯನ್ನೂ ಬಿಡದೆ ಯಂತ್ರದ ಡ್ರಾಯರ್ ಎಳೆದಳು. ಡಬ್ಬಿ ಎತ್ತಿದಳು. ಫಾರಂ ಮಡಿಕೆಯಲ್ಲಿ ಹಳದಿಯಾಗಿತ್ತು. ಚಹಾ ನೀರಿನಲ್ಲಿ ಅದ್ದದೆ, ಸುಮ್ಮನೆ ಇದ್ದೂ ಇದ್ದೂ ಆದ ಹಳದಿ.

"ರೀ, ಕೈ ತೊಳ್ಕೊಳ್ಳಿ. ಒಂದು ಸಹಿ ಹಾಕ್ಬೇಕು."

ಅವನು ಕೈ ತೊಳೆದ, ಬನಿಯನ್ನಿಗೆ ಒರೆಸಿಕೊಂಡ, ಕನ್ನಡಕ ಹಾಕಿಕೊಂಡು ಪಾಸು ತಪಾಸಣೆ ಮಾಡುವವನ ಹಾಗೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಓದಿದ. ಮತ್ತೊಮ್ಮೆ ಓದಿದ. ನಲ್ಲಿಯಿಂದ ಹನಿ ಬೀಳುತ್ತಿತ್ತು. ಇಲ್ಲಿ ಗುಡ್ಡ ಅಂತ ಬರೆದಿದೆಯಲ್ಲ ಎಂದ. ಅವಳು ಹೂಂ ಎಂದಳು. ಅವನು ಫಾರಂನ ಆ ಒಂದು ಮಾತಿನ ಮೇಲೆ ಹೆಬ್ಬೆರಳಿಟ್ಟ.

"ಸಮುದ್ರ?"

"ನಿಮ್ಮ ಜೊತೆ ಬಂದಾಗ್ಲೇ ಮೊದಲ್ನೇ ಸಲ ನೋಡಿದ್ದು."

"ಅವತ್ತು ಅತ್ತಿದ್ದು?"

"ಹೆದರಿಕೆಗೆ."

ಅವನು ಕಟ್ಟೆಯ ಮೇಲೆ ಅರ್ಧ ಕೆರೆದಿಟ್ಟ ಮೀನಿನ ಕಡೆ ನೋಡಿದ. ಮೀನೂ ಅವನ ಕಡೆ ನೋಡುತ್ತಿತ್ತು.

"ಹಾಗಾದ್ರೆ ಮೀನು?"

"ನಂಗೆ ಮೀನು ಸೇರಲ್ಲ ರೀ."

"ಮೂವತ್ನಾಲ್ಕು ವರ್ಷದಿಂದ?"

"ಅದಕ್ಕೂ ಮುಂಚಿನಿಂದ."

ಅವನು ಸ್ಟೂಲಿನ ಮೇಲೆ ಕೂತ. ನಗುತ್ತಾನೆಂದುಕೊಂಡಳು, ನಗಲಿಲ್ಲ. ಬೈಯುತ್ತಾನೆಂದುಕೊಂಡಳು, ಬೈಯಲಿಲ್ಲ. ಅವನ ಕೆಳದುಟಿ ಮಾತ್ರ ಸ್ವಲ್ಪ ಮುಂದೆ ಬಂತು. ಎಷ್ಟೋ ವರ್ಷದ ಹಿಂದೆ, ಡಿಪೋದ ಸಾಹೇಬರು ಕಾರಣವಿಲ್ಲದೆ ಜನರೆದುರು ಗದರಿಸಿದ ದಿನ ಮನೆಗೆ ಬಂದಾಗಲೂ ಹಾಗೇ ಮುಂದೆ ಬಂದಿತ್ತು. ನಾನೇನು ಕತ್ತು ಹಿಡಿದು ಆಚೆ ತಳ್ತಿದ್ನೇನೇ, ಎಂದ. ಗೊತ್ತಿರಲಿಲ್ಲ ಎಂದಳು. ಇಷ್ಟು ವರ್ಷ ಆದ್ರೂ ಗೊತ್ತಾಗ್ಲಿಲ್ವಾ ಎಂದ. ಅವಳ ಹತ್ತಿರ ಇದ್ದದ್ದು ಇಷ್ಟೇ: ಇವತ್ತು ಮಧ್ಯಾಹ್ನ ಅಪ್ಪ ಯಾರು ಎಂದು ಕೇಳಿದರು, ಯಾರೂ ಅಲ್ಲ ಅಂದುಬಿಟ್ಟೆ. ಅದನ್ನು ಹೇಳಿದಳು. ಕಲ್ಲು ಹೇಳಿದಳು, ಪುಟ್ಟಿ ಹೇಳಿದಳು, ಸೀಮೆಸುಣ್ಣದ ಬೆಕ್ಕು ಹೇಳಿದಳು, ಗುಂಡಿಗಳನ್ನೂ ಹೇಳಿದಳು. ಗುಂಡಿಯ ವಿಷಯ ಬಂದಾಗ ಅವನು ತನ್ನ ಎದೆ ಮುಟ್ಟಿ ನೋಡಿಕೊಂಡ, ಬನಿಯನ್ನಿಗೆ ಗುಂಡಿ ಇರಲಿಲ್ಲ. ಕೊನೆಗೆ, ಏನು ನಮ್ಮ ಮಾವನ ಹೆಸರು, ಎಂದು ಕೇಳಿದ. ಫಾರಂನಲ್ಲೇ ಇತ್ತು, ಆದರೂ ಕೇಳಿದ. ಅವಳು ಹೇಳಿದಳು. ಅವನು ತಪ್ಪಾಗಿ ಹೇಳಿದ. ಅವಳು ಇನ್ನೊಮ್ಮೆ ಹೇಳಿದಳು. ಎರಡನೆಯ ಸಲ ಸರಿಯಾಗಿ ಹೇಳಿ, ಒಳ್ಳೇ ಹೆಸರು, ಮೆತ್ತಗಿದೆ ಎಂದ.

ಪೆನ್ನು ತೆಗೆದುಕೊಂಡವನು ಬರೆಯದೆ ನಿಂತ. ಒಂದು ದಿನವೂ ಸುಳ್ಳು ಟಿಕೆಟ್ ಹರಿಯದ ಮನುಷ್ಯ.

"ಹತ್ತು ವರ್ಷದಿಂದ ಬಲ್ಲೆ ಅಂತ ಇದೆಯಲ್ಲೇ. ನಂಗೆ ಗೊತ್ತಾಗಿ ಇನ್ನೂ ಹತ್ತು ನಿಮಿಷ ಆಗಿಲ್ಲ. ಸುಳ್ಳು ಸಾಕ್ಷಿ ಆಗಲ್ವಾ?"

"ನನ್ನ ಬಲ್ಲಿರೋ ಇಲ್ವೋ ಅಂತ ಕೇಳ್ತಿದಾರೆ ರೀ, ಅಷ್ಟೇ."

ಅವನು ನಿಜವಾಗಿಯೂ ಯೋಚನೆ ಮಾಡಿದ.

"ಮೀನೊಂದು ಬಿಟ್ರೆ ಬಲ್ಲೆ," ಎಂದು ಸಹಿ ಹಾಕಿದ. ಅವನ ಬೆರಳಿಗೆ ಅಂಟಿದ್ದ ಒಂದು ಹುರುಪೆ ಸಹಿಯ ಪಕ್ಕದಲ್ಲಿ ಕೂತು, ಕಾಗದಕ್ಕೇ ಕಚ್ಚಿಕೊಂಡು ಹೊಳೆಯಿತು. ಉಗುರಿನಿಂದ ಕೀಳಲು ಹೋದ. ಇರಲಿ ಬಿಡಿ ಎಂದಳು ಅವಳು. ಒಂಬತ್ತು ವರ್ಷದಲ್ಲಿ ಅಕ್ಕನಿಗೆ ಬರೆದು ಹರಿದ ಕಾಗದಗಳಲ್ಲಿ ಕ್ಷಮೆ ಇತ್ತು, ಕಾರಣ ಇತ್ತು, ಅತ್ತೆಯ ಕಾಯಿಲೆ ಇತ್ತು. ಈಗ ಒಂದು ಹಾಳೆಯಲ್ಲಿ ನಿಂತುಕೊಂಡೇ ಬರೆದಳು: ಅಕ್ಕ, ಸಹಿ ಹಾಕಿದ್ದೇನೆ. ನಿನ್ನ ತಂಗಿಯ ಗಂಡನೂ ಹಾಕಿದ್ದಾನೆ. ಕೆತ್ತುವಾಗ ಬೆಕ್ಕು ಬರೆಯುವ ಮಕ್ಕಳಿಗೆ ಬೇರೆ ಕಡೆ ಜಾಗ ಮಾಡಿಕೊಡಲು ಹೇಳು. ಲಕೋಟೆಯ ಹಿಂದೆ, ಇಂದ ಎಂಬಲ್ಲಿ, ಗುಡ್ಡದಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರನ್ನೂ ಅದರ ಕೆಳಗೆ ಈ ಮನೆಯ ವಿಳಾಸವನ್ನೂ ಬರೆದಳು. ಎರಡೂ ಒಂದೇ ಲಕೋಟೆಯಲ್ಲಿ ಹಿಡಿಸಿದವು.

ಕೊನೆಯ ಅಂಚೆ ತೆಗೆಯುವುದು ಐದೂವರೆಗೆ. ಗಂಡ ಅಂಗಿ ತೊಟ್ಟು, ಗುಂಡಿ ಯಾವ ಕಡೆ ಇದೆಯೆಂದು ಒಮ್ಮೆ ನೋಡಿಕೊಂಡು, ಜೊತೆಗೆ ಬಂದ. ಬೀದಿಯ ಕೊನೆಯಲ್ಲಿ ಅವನು, ಮತ್ತೆ ಇನ್ನೇನಾದ್ರೂ ಇದ್ರೆ ಇವತ್ತೇ ಹೇಳ್ಬಿಡು ಮಾರಾಯ್ತಿ, ಎಂದ. ಅವಳು ಯೋಚಿಸಿ ಇಲ್ಲ ಎಂದಳು. ಅಂಚೆಪೆಟ್ಟಿಗೆಯ ಬಾಯಿಗೆ ಅವಳು ಲಕೋಟೆ ಒಡ್ಡಿದಳು. ಬೆರಳು ಬಿಡಲಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ, ಹೊಲಿದು ಮುಚ್ಚಿದ ಕಾಜದಲ್ಲಿ ಗುಂಡಿ ತೂರಿಸುತ್ತಿರುವ ಹಾಗೆ ಅವಳು ನಿಂತೇ ಇದ್ದಳು. ಆಮೇಲೆ ಬಿಟ್ಟಳು. ಒಳಗೆ ಬೇರೆ ಕಾಗದಗಳ ಮೇಲೆ ಅದು ಬಿದ್ದ ಸದ್ದು ಇಷ್ಟೇ ಇಷ್ಟು ಕೇಳಿಸಿತು.

ಗಂಡ ಅಂಗೈಯಿಂದ ಅಂಚೆಪೆಟ್ಟಿಗೆಯ ಮಗ್ಗುಲಿಗೆ ಎರಡು ಸಲ ದಡ್ ದಡ್ ಎಂದು ತಟ್ಟಿದ.

"ರೈಟ್," ಎಂದ.